ಹನ್ನೊಂದು ಸಾವಿರ ಕ್ರಿಯಾಪದಗಳು

"ಭೂತಕಾಲಕ್ಕೆ ಕಾಲಿಟ್ಟ ಕೂಡಲೇ ಸೊಟ್ಟಗಾಗೋ ಕ್ರಿಯಾಪದಗಳು ಸ್ಪ್ಯಾನಿಷ್‌ನಲ್ಲಿ ಹನ್ನೊಂದು ಸಾವಿರ ಇವೆ, ದೋನ್ ಪ್ಯೋ. ಅಷ್ಟನ್ನೂ ಬಲ್ಲವಳು ಭೂಮಿ ಮೇಲೆ ನಾನೊಬ್ಬಳೇ. ಅನುಮಾನ ಬಂದರೆ ಸ್ಪೇನಿನ ಪಂಡಿತರು ಹಡಗು ಹತ್ತಿ ನನ್ನ ಬಾಗಿಲಿಗೇ ಬರೋದು," ಎಂದಳು ದೋನ್ಯಾ ಎರ್ಲಿಂದಾ.

ಆಂತಿಗುವಾದ ಆ ಭಾಷಾಶಾಲೆಯ ಅಂಗಳದಲ್ಲಿ, ಬೆಣ್ಣೆಹಣ್ಣಿನ ಮರದಡಿ, ಮೇಜಿಗೊಬ್ಬ ಶಿಕ್ಷಕಿ, ಅವಳಿಗೊಬ್ಬನೇ ವಿದ್ಯಾರ್ಥಿ. ಎರ್ಲಿಂದಾಳ ಪಾಠ ಕೇಳಿದರೆ ಬಂಡೆಗಲ್ಲೂ ತಾನು ನಿನ್ನೆ ಎಲ್ಲಿಗೆ ಹೋಗಿದ್ದೆನೆಂದು ತಪ್ಪಿಲ್ಲದೆ ಹೇಳುತ್ತದೆಂದು ಊರಲ್ಲೆಲ್ಲ ಪ್ರತೀತಿ. ಹಬ್ಬಿಸಿದವಳು ಅವಳೇ. ಆದರೆ ಕಾರ್ಖಾನೆಯ ಹೊಲಿಗೆಯಂತ್ರಗಳನ್ನು ರಿಪೇರಿ ಮಾಡುತ್ತ ಮುದುಕನಾದ ಕೊರಿಯಾದ ಪ್ಯೋ, ಬಿಸಿಲುಗಾಲದಲ್ಲಿ ಬಂದವನು, ಮಳೆಗಾಲ ಹಿಡಿದರೂ ಅವಳ ಮೇಜು ಬಿಟ್ಟೆದ್ದಿರಲಿಲ್ಲ.

ರಾಜಧಾನಿಯಲ್ಲಿ ಮಗನ ಮನೆ. ಅಲ್ಲಿರುವ ಮೊಮ್ಮಗಳಿಗೆ ಸ್ಪ್ಯಾನಿಷ್ ಬಿಟ್ಟರೆ ಬೇರೆ ಮಾತು ಬಾರದು. ತೀರಿಹೋದ ಅಜ್ಜಿಯ ಕಥೆಯನ್ನು ಅವಳಿಗೆ ಹೇಳಬೇಕು, ಭೂತಕಾಲದ ಪಾಠ ಮುಗಿದ ದಿನವೇ ಹೊರಡಬೇಕು. ಪ್ಯೋನ ಹಟ ಅಷ್ಟೇ. ‘ತರು’ ಎಂಬ ತ್ರಾಯೆರ್ ನಿನ್ನೆಗೆ ಹೋದರೆ ತ್ರಾಹೆ; ‘ಮಲಗು’ ಎಂಬ ದೊರ್ಮಿರ್ ಹೊಟ್ಟೆಯೊಳಗಿನ ಸ್ವರವನ್ನೇ ಬದಲಿಸಿಕೊಂಡು ದುರ್ಮಿಯೊ. ಎಲ್ಲವೂ ಅವನಿಗೆ ಕರತಲಾಮಲಕ. ಆದರೂ ದಿನವೂ ಹೊಸತೊಂದು ಹುಟ್ಟುತ್ತಿತ್ತು.

ಪ್ಯೋ ಪೆನ್ಸಿಲ್ ಕೆಳಗಿಟ್ಟ.

"ನಿನ್ನೆ ಮೊಮ್ಮಗಳಿಗೆ ಫೋನಲ್ಲಿ ಒಂದು ಪದ ಹೇಳಿದೆ, ಟೀಚರಮ್ಮ. ಮಳೆ ನಿಲ್ಲದೇ ಇರಲಿ ಅಂತ ಆಸೆಯಿಂದ ಕೂರೋದು ಅನ್ನೋ ಅರ್ಥದ್ದು, ಹೋದ ವಾರ ಕಲಿಸಿದ್ರಲ್ಲ, ಅದು. ಅಂಥ ಪದಾನೇ ಇಲ್ಲ ಅಜ್ಜ ಅಂತ ನಕ್ಕಳು."

"ರಾಜಧಾನಿ ಮಕ್ಕಳಿಗೆ ಏನು ಗೊತ್ತು? ಮಳೆ ಬಂದ್ರೆ ಅವಕ್ಕೆ ಬಸ್ಸಿಂದೇ ಚಿಂತೆ."

"ಅವಳಮ್ಮನೂ ಇಲ್ಲ ಅಂದಳು."

"ಅವಳೂ ರಾಜಧಾನಿಯವಳೇ ತಾನೆ?"

"ರೊಟ್ಟಿ ಅರ್ಧ ತಿಂದು ಗೇಟು ನೋಡ್ತಾ ಕೂರೋದು ಅಂತ ಇನ್ನೊಂದು ಪದ ಕಲಿಸಿದ್ರಲ್ಲ. ಅದೂ ಇಲ್ವಂತೆ."

ಪಕ್ಕದ ಮೇಜಿನ ಶಿಕ್ಷಕಿ ಸುಮ್ಮನೆ ಕೆಮ್ಮಿದಳು.

"ಇರಲಿ ಬಿಡಿ," ಎಂದ ಪ್ಯೋ. "ಅಜ್ಜಿ ಕಥೆ ಯಾವಾಗ ಹೇಳ್ತೀಯ ಅಂತ ಕೇಳ್ತು ಮಗು. ನನ್ನ ನಿನ್ನೆ ಇನ್ನೂ ಮುಗಿದಿಲ್ಲ ಮರಿ ಅಂದೆ. ಹಾಗಾದ್ರೆ ಕಾಯ್ತೀನಿ ಅಂತು."

ಎರ್ಲಿಂದಾಳ ಬಾಯಿಗೆ, ಊರಾಚೆ ಹೊಗೆಯುಗುಳುವ ಫುಯೆಗೋ ಪರ್ವತದಷ್ಟು ದೊಡ್ಡ ಸುಳ್ಳೊಂದು ಬಂದಿತ್ತು. ನುಂಗಿಕೊಂಡಳು. ಮೇಜಿನ ಮೇಲೆ ಬಿದ್ದಿದ್ದ ಎಲೆಯನ್ನು ಬೆರಳಲ್ಲಿ ಅಂಚಿಗೆ ಸರಿಸಿದಳು.

"ಹನ್ನೊಂದು ಸಾವಿರ ಇಲ್ಲ, ದೋನ್ ಪ್ಯೋ. ಇದ್ದಿದ್ದೆಲ್ಲ ಈಸ್ಟರಿಗೆ ಮೊದಲೇ ಮುಗಿದುಹೋದವು. ಆಮೇಲಿನವು ನಾನೇ ಹುಟ್ಟಿಸಿದವು. ಶನಿವಾರದ ಬಸ್ಸಿಗೆ ಹೊರಡಿ. ಮಗು ಕಾಯ್ತಿದೆ."

ಪ್ಯೋ ನಿಧಾನವಾಗಿ ಪುಸ್ತಕ ಮುಚ್ಚಿದ. ಮರದ ಮೇಲೆ ಪಟಪಟನೆ ಹನಿ ಬಿತ್ತು. ಅವನೆದ್ದು ತನ್ನ ಕುರ್ಚಿಯನ್ನು ಸೂರಿನ ಕೆಳಗಿಟ್ಟ. ಹಿಂದಿರುಗಿ ಬಂದು ಅವಳ ಕುರ್ಚಿಯನ್ನೂ ಒಯ್ದು ಪಕ್ಕಕ್ಕಿಟ್ಟ.

"ಆ ಮಳೆಯದು, ಟೀಚರಮ್ಮ? ಅದೂ ಸುಳ್ಳೇ?"

ಎರ್ಲಿಂದಾ ಅಂಗಳದಲ್ಲಿ ತೋಯುತ್ತಿದ್ದ ಬರೀ ಮೇಜನ್ನು ನೋಡುತ್ತ ಕೂತಳು.

"ಪದ ಮಾತ್ರ," ಎಂದಳು.