ಬೇಗ ನಿಲ್ಲುವ ರಕ್ತ

ಗಾಜು ಕತ್ತರಿಸುವವರ ಮನೆಯಲ್ಲಿ ಕೈಗೆ ಗಾಯವಾದರೆ ಅದೊಂದು ಸುದ್ದಿಯಲ್ಲ. ಆದರೆ ಈ ಮನೆಯವರಿಗೆ ಅದರಲ್ಲೊಂದು ಹೆಮ್ಮೆಯಿತ್ತು. ಎಷ್ಟೇ ಕೊಯ್ದರೂ ರಕ್ತ ಥಟ್ಟನೆ ನಿಲ್ಲುತ್ತಿತ್ತು. ಅಪ್ಪ ಬೆರಳನ್ನೊಮ್ಮೆ ಬಾಯಿಗಿಟ್ಟು, "ದೇವರು ಕೊಟ್ಟ ವರ" ಎಂದು ಮತ್ತೆ ಗಾಜು ಕತ್ತರಿಸುವ ಹಲಗೆಗೆ ಬಾಗುತ್ತಿದ್ದ. ವರವನ್ನು ತಿರುಗಿಸಿ ಅದರ ಬೆನ್ನು ನೋಡುವ ರೂಢಿ ಯಾರಿಗೂ ಇರುವುದಿಲ್ಲ. ನಲವತ್ತು ದಾಟಿದ ಹೊಸದರಲ್ಲೇ ಅಪ್ಪ ಎದೆ ಹಿಡಿದುಕೊಂಡು ಆ ಹಲಗೆಯ ಪಕ್ಕದಲ್ಲೇ ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಮಗನಿಗೂ ಹೆಚ್ಚುಕಡಿಮೆ ಅದೇ ವಯಸ್ಸಿಗೆ ಎದೆ ಹಿಡಿಯಿತು. ಅವನ ಪುಣ್ಯ, ಅಂಗಡಿಯ ಇನ್ನೊಂದು ಮೂಲೆಯಲ್ಲಿ ಅಕ್ಕ ಕನ್ನಡಿಗೆ ಚೌಕಟ್ಟು ಹೊಡೆಯುತ್ತಿದ್ದಳು. ಸಿಕ್ಕ ಗಾಡಿಗೆ ಹತ್ತಿಸಿ ಕರೆದೊಯ್ದಳು. ಹೃದಯದ ನಾಳದಲ್ಲಿ ಕಟ್ಟಿಕೊಂಡಿದ್ದ ಹೆಪ್ಪು ತೆಗೆದು ಸ್ಟೆಂಟ್ ಹಾಕಿದರು. ಸಿಗರೇಟೊಂದನ್ನು ಬಿಟ್ಟರೆ ಸಕ್ಕರೆ ಕಾಯಿಲೆಯಿಲ್ಲ, ರಕ್ತದಲ್ಲಿ ಕೊಬ್ಬಿಲ್ಲ, ವಯಸ್ಸೂ ಚಿಕ್ಕದು ಎಂದು ಡಾಕ್ಟರಮ್ಮ ಜೀನ್ ಪರೀಕ್ಷೆಯನ್ನೂ ಮಾಡಿಸಿದರು.

"ರಕ್ತ ಹೆಪ್ಪುಗಟ್ಟಿಸೋ ಅಂಶ ಒಂದರ ಜೀನ್‌ನಲ್ಲಿ ಸಣ್ಣ ಬದಲಾವಣೆ ಇದೆ. ನಿಮ್ಮ ತಂದೆಯಿಂದ ಬಂದಿರಬಹುದು," ಎಂದರು.

"ಹಾಗಾದ್ರೆ ನಮ್ಮ ವರ ಅಂದ್ರೆ ಇದೇನಾ?" ತಮ್ಮ ಕೇಳಿದ.

"ಗಾಯ ಬೇಗ ನಿಲ್ಲೋದು ಇದರಿಂದಲೇ ಅಂತ ನಾನು ಹೇಳಲ್ಲ. ಆದ್ರೆ ನಿಮ್ಮ ರಕ್ತಕ್ಕೆ ಹೆಪ್ಪುಗಟ್ಟೋ ಆತುರ ಜಾಸ್ತಿ. ಅದೊಂದರಿಂದಲೇ ಹೃದಯಾಘಾತ ಆಗಿಬಿಡತ್ತೆ ಅಂತಲ್ಲ, ಸಿಗರೇಟು ಸೇರಿದ್ರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಜೀನ್ ಬದಲಾಯಿಸೋಕೆ ನನ್ನಿಂದ ಆಗಲ್ಲ, ಸಿಗರೇಟು ಬಿಡೋದು ನಿಮ್ಮ ಕೈಲಿದೆ. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಈ ಎರಡು ಮಾತ್ರೆ ಒಂದು ದಿನವೂ ತಪ್ಪಬಾರದು. ತಪ್ಪಿದ್ರೆ ಸ್ಟೆಂಟ್‌ನಲ್ಲೇ ಹೆಪ್ಪು ಕಟ್ಟಿಕೊಳ್ಳಬಹುದು." ಆಮೇಲೆ ಅಕ್ಕನ ಕಡೆ ತಿರುಗಿ, "ನಿಮಗೂ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ. ಪರೀಕ್ಷೆ ಮಾಡಿಸಿಕೊಳ್ಳಿ," ಎಂದರು.

"ಆಗಲಿ" ಎಂದ ಅಕ್ಕ ಮತ್ತೆ ಆ ಮಾತೆತ್ತಲಿಲ್ಲ.

ತಮ್ಮ ಸಿಗರೇಟು ಬಿಟ್ಟ, ಮಾತ್ರೆ ನುಂಗಿದ. ಅಂಗಡಿಗೆ ಮರಳಿದ ಹೊಸದರಲ್ಲೇ ಹೆಬ್ಬೆರಳಿಗಾದ ಗೀರಿನಿಂದ ರಕ್ತ, ಎಷ್ಟು ಒತ್ತಿ ಹಿಡಿದರೂ ನಿಲ್ಲದೆ ಗಾಜಿನ ಮೇಲೆಲ್ಲ ಹನಿಯಿತು. "ಗಾಜು ತಗೊಳ್ಳೋಕೆ ಬಂದೆ ಮಾರಾಯ, ಬಲಿ ನೋಡೋಕಲ್ಲ," ಎಂದು ಗಿರಾಕಿ ನಕ್ಕ. ತಮ್ಮನ ಮುಖ ಕಪ್ಪಿಟ್ಟಿತು.

ತಿಂಗಳು ಕಳೆದಿತ್ತು. ಕಿಟಕಿ ಗಾಜಿನ ಅಂಚು ಮುರಿಯುವಾಗ ತಮ್ಮನ ಬೆರಳು ಮತ್ತೆ ಕೊಯ್ದುಹೋಯಿತು. ಅಕ್ಕ ಬಟ್ಟೆ ಹಿಡಿದು ಓಡಿಬಂದಳು.

"ಬೇಡ ಬೇಡ. ನೋಡಿಲ್ಲಿ, ಆಗಲೇ ನಿಂತುಹೋಯ್ತು!" ಬಹುಮಾನ ಗೆದ್ದವನಂತೆ ಬೆರಳೆತ್ತಿ ತೋರಿಸಿದ.

ಅಕ್ಕ ಬೆರಳು ನೋಡಿದಳು. ಆಮೇಲೆ ಅವನ ಮುಖ ನೋಡಿದಳು. "ಮಾತ್ರೆ ಯಾವಾಗಿಂದ ಬಿಟ್ಟಿದೀಯಾ?"

ಅವನ ನಗು ಇಳಿಯಿತು. "ವಾರದ ಮೇಲಾಯ್ತು. ಗಾಜಿನ ಕೆಲಸದೋನ ರಕ್ತ ನೀರಿನ ಹಾಗೆ ಹರಿದ್ರೆ ಹೊಟ್ಟೆಪಾಡು ಹೇಗೆ? ಎದೆ ಚೆನ್ನಾಗೇ ಇದೆಯಲ್ಲ."

"ಅಪ್ಪನ ಎದೇನೂ ಹಿಂದಿನ ದಿನದವರೆಗೆ ಚೆನ್ನಾಗೇ ಇತ್ತು."

"ಓಹೋ, ನೀನು ಪರೀಕ್ಷೆ ಮಾಡಿಸ್ಕೊಂಡ್ಯಾ? ಹೇಳೋದು ಆಚಾರ, ತಿನ್ನೋದು ಬದನೆಕಾಯಿ!"

ಅಕ್ಕ ಬಟ್ಟೆಯನ್ನು ಮಡಿಚಿದಳು, ಬಿಚ್ಚಿದಳು. "ಭಯ ಕಣೋ. ಇದೆ ಅಂದ್ಬಿಟ್ರೆ ಆಮೇಲೆ ಅದರ ಜೊತೇನೇ ಬದುಕಬೇಕಲ್ಲ."

"ಮಾಡಿಸದಿದ್ರೆ? ಇದ್ರೆ ಈಗ್ಲೂ ಅದರ ಜೊತೇನೇ ಬದುಕ್ತಿರೋದು."

ಅವಳನ್ನು ಚುಚ್ಚಲು ಆಡಿದ ಮಾತು; ಆಡಿ ಮುಗಿಸುವಷ್ಟರಲ್ಲಿ ಅವನಿಗೇ ನಾಟಿತು. ಸ್ಟೂಲಿನ ಮೇಲೆ ಕೂತ. ಅಕ್ಕ ಆಸ್ಪತ್ರೆಗೆ ಫೋನ್ ಮಾಡಿದಳು. ಡಾಕ್ಟರಮ್ಮನ ಬೈಗುಳ ಅವನಿಗೂ ಕೇಳಿಸಿತು: ಈಗಲೇ ನುಂಗಿಸಿ, ಈಗಲೇ ಕರೆತನ್ನಿ.

"ಪರೀಕ್ಷೆಗೆ ನೀನೂ ರಕ್ತ ಕೊಡ್ತೀಯಾ?"

"ಕೊಡ್ತೀನಿ, ನಡಿ."

"ಇನ್ಮೇಲೆ ಗಾಜು ಯಾರು ಕತ್ತರಿಸ್ತಾರೆ?"

"ನಾನು. ನೀನು ಕೂತ್ಕೊಂಡು ಬೈತಾ ಕಲಿಸು. ಬೈಯೋಕೆ ಮಾತ್ರೆ ಅಡ್ಡ ಬರಲ್ಲ."

ಅವನು ಮಾತ್ರೆ ಬಾಯಿಗೆ ಹಾಕಿ ನೀರು ಕುಡಿದ. ಅಕ್ಕ ಶಟರ್ ಎಳೆದಳು. ಎದುರಿನ ದರ್ಜಿ ಹೊಲಿಗೆ ನಿಲ್ಲಿಸಿ ಕೇಳಿದ: "ಏನಮ್ಮ, ಹಾಡಹಗಲೇ ಬಾಗಿಲು ಹಾಕ್ತಿದೀರಾ? ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಆಗಬಾರದು ಅಂತ ಹೊರಟಿದೀವಿ," ಎಂದ ಅಕ್ಕ, ಬರುತ್ತಿದ್ದ ಗಾಡಿಗೆ ಕೈ ಅಡ್ಡ ಹಿಡಿದಳು.