ಫೋಟೋ ಕುದುರೆಯ ಹೊಟ್ಟೆನೋವು

ಆ ಊರಿನಲ್ಲಿ ಸರದಾರನ ಬೆನ್ನಿಗೆ ತಾಗದ ಕುಂಡೆ ಒಂದೂ ಇರಲಿಲ್ಲ. ಪೊಲೀಸಿನವನ ಕುಂಡೆ, ಕಳ್ಳನ ಕುಂಡೆ, ಕಾಲೇಜು ಪ್ರಿನ್ಸಿಪಾಲರ ಕುಂಡೆ, ಎಲ್ಲವೂ ಹಾಲುಹಲ್ಲಿನ ವಯಸ್ಸಿನಲ್ಲಿ ಒಂದಲ್ಲ ಒಂದು ಭಾನುವಾರ ಅವನ ಕೆಂಪು ಜೀನಿನ ಮೇಲೆ ಕೂತು ಎದ್ದಂಥವೇ. ಯಾರ ಮನೆಯ ಗೋಡೆ ನೋಡಿದರೂ ಅದೇ ಚಿತ್ರ: ಎರವಲು ಕೋಟು ತೊಟ್ಟ ಒಂದು ಮಗು, ಅದರ ಕೆಳಗೆ ಒಂದು ಕುಳ್ಳ ಕುದುರೆ. ಮಕ್ಕಳು ಬದಲಾಗುತ್ತಿದ್ದವು. ಕೋಟು ಬದಲಾಗುತ್ತಿರಲಿಲ್ಲ, ಕುದುರೆಯಂತೂ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ಎತ್ತರದಲ್ಲಿ ಊಟದ ಮೇಜಿಗಿಂತ ಒಂದು ಗೇಣು ಹೆಚ್ಚಿದ್ದಾನು. ಗತ್ತಿನಲ್ಲಿ ಮಾತ್ರ ಅವನ ಮುಂದೆ ಆನೆ ಬಂದು ನಿಂತರೂ ಅದೇ ದಾರಿ ಬಿಡಬೇಕು.

ಕುದುರೆ ಊರಿನಲ್ಲಿ ಸ್ಟುಡಿಯೋ ಇಟ್ಟಿದ್ದ ಫೋಟೋದಣ್ಣನದು. ಆದರೆ ಕುದುರೆಗೆ ಬೇಕಾದವಳು ಫೋಟೋದಣ್ಣನ ತಂಗಿ. ಅವಳನ್ನು ಊರಿಗೆ ಊರೇ ಅತ್ತೆ ಎಂದು ಕರೆಯುತ್ತಿತ್ತು. ಬಂದ ಮಕ್ಕಳ ಮೂಗು ಒರೆಸಿ, ತಲೆ ಬಾಚಿ, ದೊಡ್ಡದಾದ ಕೋಟನ್ನು ಬೆನ್ನ ಹಿಂದೆ ಪಿನ್ನು ಚುಚ್ಚಿ ಬಿಗಿ ಮಾಡಿ, ಪೌಡರು ಮೆತ್ತಿ, ಸರದಾರನ ಮೇಲೆ ಕೂರಿಸಿ ಪಕ್ಕಕ್ಕೆ ಸರಿಯುವುದು ಅವಳ ಕೆಲಸ. ಕೆಲವು ಮಕ್ಕಳು ಕಡೇ ಗಳಿಗೆಯವರೆಗೂ ಅವಳ ಕೈ ಬಿಡುತ್ತಿರಲಿಲ್ಲ. ಹಾಗಾಗಿ ಊರಿನ ಅರ್ಧಕ್ಕರ್ಧ ಫೋಟೋಗಳ ಅಂಚಿನಲ್ಲಿ ಅವಳ ಬೆರಳಿನ ತುದಿ ಇದೆ.

ಜನರ ಜೇಬಿಗೆಲ್ಲ ಫೋನು ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಹಿತ್ತಲಿನ ಲಾಯದ ಮಾಡು ಕುಸಿದಾಗ ಅತ್ತೆ ಯಾರನ್ನೂ ಕೇಳದೆ ಸರದಾರನನ್ನು ಸ್ಟುಡಿಯೋ ಒಳಗೇ ತಂದು ಕಟ್ಟಿದಳು. ಅಂದಿನಿಂದ ಅವನ ವಾಸ ಬಣ್ಣದ ಪರದೆಯ ಮುಂದೆ. ಪರದೆಯಲ್ಲಿ ಒಂದು ಸರೋವರ, ಅದರಲ್ಲಿ ಹಂಸಗಳು. ಒಂದು ಹಂಸವನ್ನು ಅವನು ಆಗಲೇ ತಿಂದು ಮುಗಿಸಿದ್ದ.

ಆ ಬೆಳಿಗ್ಗೆ ಅತ್ತೆ ನೆನೆಸಿದ ತವುಡಿನ ಬೋಗುಣಿ ಹಿಡಿದು ಹೋದರೆ ಸರದಾರ ಮೂಸಿಯೂ ನೋಡಲಿಲ್ಲ. ಅವನ ಹಲ್ಲು ಸವೆದು ಎಷ್ಟೋ ಕಾಲವಾಗಿತ್ತು. ಊಟವನ್ನು ಅವಳೇ ನೆನೆಸಿ, ಕಿವುಚಿ, ಬಿಸಿ ನೋಡಿ ಕೊಡುತ್ತಿದ್ದಳು. ಬಾಣಂತಿಯರಿಗೂ ಅಂಥ ಆರೈಕೆ ಸಿಗುವುದಿಲ್ಲ. ಇವತ್ತು ಅವನು ಮುಂಗಾಲಿನಿಂದ ನೆಲ ಕೆರೆಯುತ್ತಿದ್ದ. ತನ್ನ ಹೊಟ್ಟೆಯನ್ನೇ ತಿರುಗಿ ತಿರುಗಿ ನೋಡುತ್ತಿದ್ದ. ಮೈಯೆಲ್ಲ ಬೆವರು. ಮಂಡಿ ಮಡಚಿ ಹೊರಳಲು ಹೊರಟಾಗ ಅತ್ತೆ ಕಿರುಚಿದ ಕಿರುಚಿಗೆ ಮೂರು ಬೀದಿಯಾಚೆ ಹಾಲು ಒಡೆಯಿತು.

ಪ್ರಾಣಿ ಆಸ್ಪತ್ರೆಯಿಂದ ಡಾಕ್ಟರಮ್ಮ ಬಂದಳು. ಹೊಟ್ಟೆಯ ಎರಡೂ ಪಕ್ಕಕ್ಕೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದಳು. ನೋವಿಗೆ ಇಂಜೆಕ್ಷನ್ ಕೊಟ್ಟಳು. ಮೂಗಿನೊಳಗೆ ಕೊಳವೆ ಇಳಿಸಿ ಹೊಟ್ಟೆಗೆ ಎಣ್ಣೆ ಹಾಕಿದಳು. ಆಮೇಲೆ ಕೈ ತೊಳೆಯುತ್ತ ಹೇಳಿದಳು:

"ಒಳಗೆ ಒಂದು ಸದ್ದೂ ಇಲ್ಲ ಅತ್ತೆ. ಕರುಳು ಕಟ್ಕೊಂಡಿದೆ. ಸಂಜೆಯೊಳಗೆ ಲದ್ದಿ ಬಿದ್ರೆ ಬದುಕಿದ."

"ಬೀಳ್ದಿದ್ರೆ?"

"ಈ ವಯಸ್ಸಿಗೆ ಆಪರೇಷನ್ ಮಾಡೋಕಾಗಲ್ಲ. ನೋವು ತಿನ್ನೋಕೆ ಬಿಡೋದು ಪಾಪ. ನಾನು ಸಂಜೆ ಇನ್ನೊಂದು ಇಂಜೆಕ್ಷನ್ ತರ್ತೀನಿ." ಅದು ಯಾವ ಇಂಜೆಕ್ಷನ್ ಎಂದು ಅತ್ತೆ ಕೇಳಲಿಲ್ಲ. "ಅಲ್ಲೀವರೆಗೂ ಹೊರಳೋಕೆ ಬಿಡ್ಬೇಡಿ. ನಿಧಾನವಾಗಿ ನಡೆಸ್ತಾ ಇರಿ. ಸುಸ್ತಾದ್ರೆ ನಿಲ್ಸಿ, ಮತ್ತೆ ನಡೆಸಿ."

ಹೊರಡುವ ಮುಂಚೆ ಸರದಾರನ ಹಣೆ ಸವರಿದಳು. "ನಮ್ಮನೆ ಫೋಟೋದಲ್ಲಿ ನಾನು ಬಾಯಿ ತೆಗೆದು ಅಳ್ತಿದ್ದೀನಿ. ಇವನು ನಗ್ತಿದ್ದಾನೆ."

"ಅವತ್ತು ನೀನು ಅವನ ಕಿವಿ ಕಚ್ಚಿದ್ದೆ ಕಣೇ," ಎಂದಳು ಅತ್ತೆ. "ಆದ್ರೂ ಅಲುಗಲಿಲ್ಲ ನನ್ನ ರಾಜ."

ಫೋಟೋದಣ್ಣ ಮುಂದೆ ಹಗ್ಗ ಹಿಡಿದ, ಅತ್ತೆ ಪಕ್ಕದಲ್ಲಿ ಬೆನ್ನಿನ ಮೇಲೆ ಕೈಯಿಟ್ಟಳು. ಮೂವರೂ ಬೀದಿಗಿಳಿದರು. ಮೂವರ ವಯಸ್ಸು ಕೂಡಿದರೆ ಊರಿನ ಗಡಿಯಾರ ಗೋಪುರಕ್ಕಿಂತ ಹಳೆಯದು. ಹೊಲಿಗೆ ಅಂಗಡಿ ದಾಟಿದರು, ಸೈಕಲ್ ಅಂಗಡಿ ದಾಟಿದರು. ಜನ ಬಾಗಿಲಿಗೆ ಬಂದರು. "ಅಯ್ಯೋ, ಇವನು ಇನ್ನೂ ಇದ್ದಾನಾ?" ಎಂದ ಸೈಕಲ್ಲಿನವನು. "ನೀನೇ ಇದ್ದೀಯಲ್ಲೋ, ಅವನಿಗೇನು ಬಂತು?" ಎಂದು ಅತ್ತೆ ಬಾಯಿ ಮುಚ್ಚಿಸಿದಳು. ಹೊಲಿಗೆಯವಳು ಮಾತ್ರ ಮಷಿನ್ ನಿಲ್ಲಿಸಿ, "ನಮ್ಮ ತಮ್ಮಂದು ಅಂತ ಇರೋದು ಅದೊಂದೇ ಫೋಟೋ ಅತ್ತೆ, ಬೇರೆ ತೆಗೆಸೋಕೆ ಅವನು ಉಳೀಲಿಲ್ಲ," ಎಂದಳು. ಆ ಮಗುವಿನ ಗುಂಗುರು ಕೂದಲು ಬಾಚಣಿಗೆಗೆ ಬಗ್ಗದೆ ಸತಾಯಿಸಿದ್ದು ಅತ್ತೆಗೆ ನೆನಪಿತ್ತು. ಎಲ್ಲರ ತಲೆಯೂ ಅವಳಿಗೆ ನೆನಪಿತ್ತು. ಮುಖಗಳಿಗಿಂತ ಹೆಚ್ಚಾಗಿ ಸುಳಿಗಳು.

ಮಧ್ಯಾಹ್ನವಾಯಿತು. ಲದ್ದಿಯ ಸುಳಿವಿಲ್ಲ. ಬಿಸಿಲೆಂದರೆ ಎಂಥ ಬಿಸಿಲು, ಡಾಂಬರಿನ ಮೇಲೆ ಕಾಗೆ ಕೂತರೆ ಅಲ್ಲೇ ಹುರಿದುಹೋಗಬೇಕು. ಫೋಟೋದಣ್ಣನ ಬೋಳುತಲೆ ಕಾದು ಕೆಂಡವಾಯಿತು. ಸ್ಟುಡಿಯೋ ಮುಂದೆ ಹಾದುಹೋಗುವಾಗ ಒಳಗೆ ನುಗ್ಗಿ, ಕೈಗೆ ಸಿಕ್ಕಿದ ಬಟ್ಟೆಯೊಂದನ್ನು ತಲೆಯ ಮೇಲೆ ಹೊದ್ದುಕೊಂಡು ಬಂದು ಮತ್ತೆ ಹಗ್ಗ ಹಿಡಿದ.

ಅಲ್ಲಿಗೆ ಸರದಾರ ನಿಂತ.

ಎಳೆದರು, ಬರಲಿಲ್ಲ. ತಳ್ಳಿದರು, ಅಲುಗಲಿಲ್ಲ. ಕಾಲು ನಾಲ್ಕೂ ನೆಲಕ್ಕೆ ಬೇರು ಬಿಟ್ಟ ಹಾಗೆ. ಬೀದಿಯವರು ನೆರೆದು, ಪರ್ವತಗಳನ್ನೇ ಸರಿಸಬಲ್ಲವರ ಹಾಗೆ ಹಿಂದಿನಿಂದ ಕೈ ಹಚ್ಚಿದರು, ಉಪಯೋಗವಿಲ್ಲ.

"ಮುಗೀತು," ಎಂದ ಫೋಟೋದಣ್ಣ. ಬಟ್ಟೆಯೊಳಗಿಂದ ಅವನ ದನಿ ಒಡೆದಿತ್ತು. "ಕೈಕಾಲು ಬಿದ್ದುಹೋಯ್ತು ಕಣೇ ಇವನಿಗೆ. ಡಾಕ್ಟರಮ್ಮನಿಗೆ ಈಗ್ಲೇ ಹೇಳಿಕಳಿಸು. ಸಂಜೆವರೆಗೂ ಯಾಕೆ ನರಳಿಸೋದು?"

ಅತ್ತೆ ಕಡೇ ಸಲ ಮುಖ ನೋಡೋಣವೆಂದು ಮುಂದೆ ಬಂದಳು. ನೋಡಿದರೆ, ಸಾಯುವ ಕುದುರೆಯ ಮುಖವೇ ಅಲ್ಲ ಅದು. ಕತ್ತು ನೆಟ್ಟಗೆ. ಬೆಳಿಗ್ಗೆಯಿಂದ ಜೋತುಬಿದ್ದಿದ್ದ ಕಿವಿಗಳು ಚೂಪಾಗಿ ನಿಂತಿವೆ. ಕಣ್ಣು ನೇರ ಅಣ್ಣನ ತಲೆಯ ಮೇಲೆ.

ಅವಳು ಅಣ್ಣನ ಕಡೆ ತಿರುಗಿದಳು. ಅವನು ಹೊದ್ದುಕೊಂಡಿದ್ದು ಹಳೆಯ ಕ್ಯಾಮೆರಾದ ಕಪ್ಪು ಬಟ್ಟೆ.

ಅವಳ ಎದೆಯೊಳಗೆ ಅಷ್ಟೂ ಭಾನುವಾರಗಳು ಒಟ್ಟಿಗೆ ನುಗ್ಗಿ ಬಂದವು. ಫೋಟೋ ತೆಗೆಯಲು ಅಣ್ಣನ ತಲೆ ಆ ಬಟ್ಟೆಯೊಳಗೆ ಹೋಯಿತೆಂದರೆ ಸರದಾರ ಕಲ್ಲು. ಮೂಗಿನ ಮೇಲೆ ನೊಣ ಮೆರವಣಿಗೆ ಹೋದರೂ ಕಲ್ಲು, ಮಕ್ಕಳು ಕುತ್ತಿಗೆಯ ಕೂದಲು ಕಿತ್ತರೂ ಕಲ್ಲು. ಅಣ್ಣ ತಲೆ ಹೊರಗೆ ತೆಗೆದು "ಬಂತು!" ಎಂದು ಕೂಗಿದ ಮೇಲೆಯೇ ಉಸಿರು ಬಿಡುತ್ತಿದ್ದ. ಒಂದು ಸೆಕೆಯ ಮಧ್ಯಾಹ್ನ ಅಣ್ಣ ಬಟ್ಟೆಯೊಳಗೇ ನಿದ್ದೆ ಹೋದಾಗ, ಒಂದಿಡೀ ಸಿನಿಮಾ ಮುಗಿಯುವಷ್ಟು ಹೊತ್ತು ಸರದಾರ ನಿಂತೇ ಇದ್ದ. ಮೇಲಿದ್ದ ಮಗುವಿಗೆ ಅಷ್ಟರಲ್ಲಿ ಹೊಸ ಹಲ್ಲು ಬಂದಿತ್ತೆಂದು ಹೇಳುವವರಿದ್ದಾರೆ.

"ಅಣ್ಣಾ! ನಿನ್ನ ತಲೆಗಿಷ್ಟು!" ಎಂದು ಅತ್ತೆ ಅರಚಿದಳು. "ಅವನಿಗೆ ಏನೂ ಬಿದ್ದುಹೋಗಿಲ್ಲ. ಫೋಟೋಗೆ ನಿಂತಿದ್ದಾನೆ!"

ಫೋಟೋದಣ್ಣ ಬಟ್ಟೆ ಕಿತ್ತೆಸೆದ. ಸರದಾರ ಆಗಲೂ ಅಲುಗಲಿಲ್ಲ.

"ಇನ್ನೇನು ನೋಡ್ತೀಯ, ಹೇಳು ಅದನ್ನ!"

"ಕ್ಯಾಮೆರಾ ಇಲ್ದೆ ಹೇಗೆ ಹೇಳ್ಲೇ? ಜನ ನೋಡ್ತಿದ್ದಾರೆ."

"ಜನ ನೋಡ್ಲಿ ಅಂತ ತಾನೇ ಜೀವಮಾನವೆಲ್ಲ ಕುಣಿದೆ? ಹೇಳು!"

ಫೋಟೋದಣ್ಣ ಗಂಟಲು ಸರಿಮಾಡಿಕೊಂಡ. ಒಂದು ಕೈ ಮೇಲೆತ್ತಿದ. "ಬಂತು!"

ಸರದಾರ ಬುಸ್ಸೆಂದು ಉಸಿರು ಬಿಟ್ಟ, ಮೈ ಕೊಡವಿದ, ನಡೆದ. ನೆರೆದವರೆಲ್ಲ ನಕ್ಕರು. ಅತ್ತೆ ನಗಲಿಲ್ಲ. ಅಂಥ ನೋವು ಹೊಟ್ಟೆಯಲ್ಲಿ ಇಟ್ಟುಕೊಂಡು ಈ ಮುದುಕ ಅಷ್ಟು ಚೆಂದ ನಿಂತಿದ್ದನಲ್ಲ ಎಂದುಕೊಂಡಳು. ಸೆರಗಿನಿಂದ ಅವನ ಕಣ್ಣು ಒರೆಸಿದಳು, ಅದೇ ಸೆರಗಿನಿಂದ ತನ್ನದನ್ನೂ.

ನಡೆದರು, ನಿಂತರು, ನಡೆದರು. ಬಿಸಿಲು ಇಳಿಯತೊಡಗಿತು. ಡಾಕ್ಟರಮ್ಮ ಬರುವ ಹೊತ್ತು ಹತ್ತಿರವಾಯಿತು. ಸರದಾರನ ಹೆಜ್ಜೆ ಈಗ ಎಳೆಯುತ್ತಿತ್ತು. ಅತ್ತೆ ಅವನ ಹೊಟ್ಟೆಗೆ ಕಿವಿ ಒತ್ತಿ, ಬಗ್ಗಿಕೊಂಡೇ ಜೊತೆಗೆ ಹೆಜ್ಜೆ ಹಾಕಿದಳು.

"ಏನಾದ್ರೂ ಕೇಳ್ಸುತ್ತಾ?" ಎಂದ ಅಣ್ಣ.

"ನೀನು ಸುಮ್ನಿದ್ರೆ ಕೇಳ್ಸುತ್ತೆ."

ಗಾಜಿನ ಬಾಗಿಲಿನ ಹೊಸ ಫೋಟೋ ಅಂಗಡಿಯ ಮುಂದೆ ಬಂದಾಗ ಕೇಳಿಸಿತು. ಮೊದಲು ದೂರದ ಲಾರಿಯಂತೆ, ಆಮೇಲೆ ಗುಡುಗಿನಂತೆ. ಅತ್ತೆ ಹಿಂದಕ್ಕೆ ಜಿಗಿದಳು. ಸರದಾರ ಬಾಲ ಎತ್ತಿದ. ಅಂಗಡಿಯ ಹೊಳೆಯುವ ಮೆಟ್ಟಿಲಿನ ಮೇಲೆ ಒಂದು ಗುಡ್ಡ ಎದ್ದಿತು. ಅಷ್ಟು ಸಣ್ಣ ಕುದುರೆಯಿಂದ ಅಷ್ಟು ದೊಡ್ಡ ಗುಡ್ಡ ಜಗತ್ತಿನಲ್ಲಿ ಅದಕ್ಕೆ ಮೊದಲು ಎದ್ದಿಲ್ಲ, ಆಮೇಲೂ ಎದ್ದಿಲ್ಲ.

ಊರು ಡಿಜಿಟಲ್ ಎಂದು ಕರೆಯುತ್ತಿದ್ದ ಅಂಗಡಿಯವನು ಪೊರಕೆ ಹಿಡಿದು ಓಡಿಬಂದ. "ಏನಿದು ಅತ್ತೆ! ಗಿರಾಕಿಗಳು ಬರೋ ಜಾಗ!"

"ಮುಟ್ಟಿದ್ರೆ ನೋಡು!" ಅತ್ತೆ ಎರಡೂ ಕೈ ಚಾಚಿ ಗುಡ್ಡದ ಮುಂದೆ ನಿಂತಳು. "ಡಾಕ್ಟರಮ್ಮ ಬಂದು ನೋಡೋವರೆಗೂ ಒಂದು ಉಂಡೆ ಆಚೀಚೆ ಆಗ್ಬಾರ್ದು."

"ಇದನ್ನ ಕಾವಲು ಕಾಯ್ತೀರಾ?"

"ಚಿನ್ನಾನೂ ಹೀಗೆ ಕಾದಿಲ್ಲ ಕಣೋ."

ಡಿಜಿಟಲ್ ಪೊರಕೆ ಇಳಿಸಿದ. ಒಳಗಿನಿಂದ ಸ್ಟೂಲೊಂದು ತಂದು ಅವಳ ಹಿಂದಿಟ್ಟ. "ಕೂತ್ಕೊಂಡಾದ್ರೂ ಕಾಯಿರಿ."

ಡಾಕ್ಟರಮ್ಮ ಬಂದವಳು ಮೆಟ್ಟಿಲ ಬಳಿ ಕುಕ್ಕರಗಾಲಲ್ಲಿ ಕೂತು ಲದ್ದಿಯನ್ನು ಕಡ್ಡಿಯಿಂದ ಬಿಡಿಸಿ ನೋಡಿದಳು. ಎಣ್ಣೆ ಹೊಳೆಯುತ್ತಿತ್ತು. ಹೊಟ್ಟೆಗೆ ಸ್ಟೆತಾಸ್ಕೋಪು ಇಟ್ಟಳು. ಇಂಜೆಕ್ಷನ್ ತಂದಿದ್ದ ಚೀಲದ ಜಿಪ್ಪು ತೆಗೆಯಲೇ ಇಲ್ಲ.

"ಈ ಸಲ ಗೆದ್ದ. ಇನ್ನೊಂದು ಸಲ ಬಂದ್ರೆ ಗೆಲ್ತಾನೆ ಅಂತ ನಾನು ಹೇಳಲ್ಲ ಅತ್ತೆ."

"ಹೇಳ್ಬೇಡ ಬಿಡು. ಈಗ ಏನು ಕೊಡ್ಲಿ, ಅದನ್ನ ಹೇಳು."

"ಇವತ್ತು ಉಗುರು ಬೆಚ್ಚಗಿನ ನೀರು. ಬೇರೇನೂ ಬೇಡ."

ಸ್ಟುಡಿಯೋಗೆ ಮರಳಿದಾಗ ಫೋಟೋದಣ್ಣ ಕುರ್ಚಿಯಲ್ಲಿ ಬಿದ್ದು ಆಗಲೇ ಗೊರಕೆ ಹೊಡೆಯುತ್ತಿದ್ದ. ಅತ್ತೆ ಬಕೆಟ್ಟು ಎತ್ತಿ ಹಿಡಿದಳು. ಸರದಾರ ಮೂತಿ ಮುಳುಗಿಸಿದ. ನೀರು ಅವಳ ತೋಳಿನ ಮೇಲೆ, ಸೀರೆಯ ಮೇಲೆ ಚೆಲ್ಲಿತು.

"ನಿಧಾನ ಕಣೋ," ಎಂದು ಅವಳು ಬೈದಳು. "ಯಾರು ಕಿತ್ಕೊಳ್ತಾರೆ? ನಿಧಾನಕ್ಕೆ ಕುಡಿ."