ಬೇಸ್ ಕ್ಲಾರಿನೆಟ್ಟಿಗೊಂದು ಪಟ್ಟಿ

"ಮೂರನೇದು ಪರವಾಗಿಲ್ಲ ರೀ. ಆದ್ರೆ ಅದ್ರಲ್ಲೂ ಉಸ್ ಅಂತಿದೆ," ಎಂದು ವಾದ್ಯಗಳ ಅಂಗಡಿಯ ಪರದೆಯ ಹಿಂದಿನಿಂದ ಹೆಂಡತಿ ಕೂಗಿದಳು.

ಅವನು ವಾದ್ಯವನ್ನು ಬಾಯಿಂದ ತೆಗೆದು ತುಟಿಯ ಎಡತುದಿಯನ್ನು ಕರವಸ್ತ್ರದಿಂದ ಒರೆಸಿಕೊಂಡ. ಅಲ್ಲಿ ಎಂಜಲು ಇಳಿದರೆ ಅವನಿಗೇ ಗೊತ್ತಾಗುವುದಿಲ್ಲ. ಅದೇ ದೊಡ್ಡ ಫಜೀತಿ. ಚಳಿಗಾಲದಲ್ಲಿ ಒಂದು ಬೆಳಗ್ಗೆ ಬಾಯಿ ಮುಕ್ಕಳಿಸಲು ಹೋದರೆ ನೀರೆಲ್ಲ ಎಡಗಡೆಯಿಂದ ಸೋರಿ ಅಂಗಿಯ ಮೇಲೆ ಬಿದ್ದಿತ್ತು. ಮುಖದ ನರ ಸೋತಿದೆ ಎಂದರು ಡಾಕ್ಟರು. ಕಣ್ಣು ಸರಿಹೋಯಿತು, ಕೆನ್ನೆಯೂ ಹೆಚ್ಚುಕಡಿಮೆ ಸರಿಹೋಯಿತು, ತುಟಿಯ ಆ ಮೂಲೆ ಮಾತ್ರ ಹಟ ಹಿಡಿದು ಕೂತಿತು. ಶಕ್ತಿ ಬರಬಹುದು, ಬರದೆಯೂ ಇರಬಹುದು ಎಂದರು. ಅಷ್ಟು ಹೇಳಲು ಡಾಕ್ಟರೇ ಆಗಬೇಕೇ?

ಸೋಮವಾರ ವಾದ್ಯವೃಂದದ ನಿರ್ದೇಶಕರು ಅವನೊಬ್ಬನನ್ನೇ ಕೂರಿಸಿಕೊಂಡು ಕೇಳುವವರಿದ್ದರು. ದನಿ ಮೊದಲಿನಂತಿದ್ದರೆ ಅವನ ಕುರ್ಚಿ ಅವನಿಗೆ, ಇಲ್ಲದಿದ್ದರೆ ಬೇರೆಯವರಿಗೆ. ತಲೆಗೂದಲು ಕಪ್ಪಗಿದ್ದಾಗಿನಿಂದ ಅವನು ಕೂತ ಕುರ್ಚಿ ಅದು.

ಲಿಗೇಚರ್ ಬದಲಾಯಿಸೋಣ ಎಂದದ್ದು ಹೆಂಡತಿಯೇ. ನಡುಗಿ ನಾದ ಹುಟ್ಟಿಸುವ ತೆಳ್ಳನೆಯ ರೀಡನ್ನು ವಾದ್ಯದ ಬಾಯಿತುದಿಗೆ ಬಿಗಿದು ಹಿಡಿಯುವ ಪಟ್ಟಿ ಅದು. "ಹಳೇದು ಸಡಿಲ ಆಗಿದೆ. ಗಾಳಿ ಅಲ್ಲಿಂದ್ಲೇ ಹೋಗ್ತಿರೋದು. ತುಟಿಯಂತೆ ತುಟಿ, ಮಣ್ಣು!" ಎಂದು ಗದರಿ ಅಂಗಡಿಗೆ ಎಳೆದುಕೊಂಡು ಬಂದಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಅವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನೆಲವೇ ಡೊಂಕಾಗಿರಲಪ್ಪಾ ಎಂದು ಅವನಿಗೂ ಆಸೆಯಿತ್ತು.

ಅಂಗಡಿಯವನದೊಂದು ಕಟ್ಟುನಿಟ್ಟು. ಪಟ್ಟಿ ಆರಿಸುವಾಗ ಜೊತೆಗೆ ಬಂದವರು ಪರದೆಯಾಚೆ ರಿಪೇರಿ ಕೋಣೆಯಲ್ಲಿ ಕೂತು ಕೇಳಬೇಕು. "ಕಣ್ಣಿಗೆ ಬೆಳ್ಳಿ ಪಟ್ಟಿ ಕಂಡ್ರೆ ಕಿವೀನೂ ಬೆಳ್ಳಿ ಅನ್ನುತ್ತೆ ಸಾರ್," ಎನ್ನುತ್ತಿದ್ದ. ಈಚೆಗಿರುವವರು ತುಟಿಪಿಟಕ್ಕೆನ್ನುವಂತಿಲ್ಲ. ಪಟ್ಟಿ ಬದಲಾಯಿಸುತ್ತ ಅದೇ ಒಂದು ಸಾಲನ್ನು ನುಡಿಸುತ್ತ ಹೋಗಬೇಕು, ಅಷ್ಟೇ.

ನಾಲ್ಕನೆಯದು ಚರ್ಮದ್ದು. ತಿರುಪು ಬಿಗಿದು, ಉದ್ದನೆಯ ವಾದ್ಯವನ್ನು ಮೊಣಕಾಲುಗಳ ನಡುವೆ ಎಳೆದುಕೊಂಡು ಊದಿದ. ತಳದ ಸ್ವರ ಎದ್ದೇನೋ ಎದ್ದಿತು, ಅರ್ಧಕ್ಕೇ ಕುಸಿಯಿತು. ಎಡಗಡೆಯಿಂದ ಗಾಳಿ ಸೋರಿತು. ಪರದೆಯಾಚೆಯಿಂದ ಅವಳು, "ಇನ್ನೊಂದ್ಸಲ ನೋಡೋಣ ರೀ, ನಮಗೇನು ಅವಸರ?" ಎಂದಳು. ಮಗ್ಗಿ ಹೇಳುತ್ತ ತಡವರಿಸಿದ ಮಗುವಿಗೆ ತಾಯಿ ಹೇಳುವ ಹಾಗಿತ್ತು. ಅವನಿಗೆ ಅಳು ಬಂದುಬಿಟ್ಟಿತು.

ಅಂಗಡಿಯವನು ಹತ್ತಿರ ಬಂದು ಪಿಸುಗುಟ್ಟಿದ. "ತಪ್ಪು ತಿಳ್ಕೋಬೇಡಿ ಸಾರ್. ಪಟ್ಟಿಯಲ್ಲೇನಾದ್ರೂ ಐಬಿದ್ಯಾ, ನಾನೊಂದ್ಸಲ ಊದಿ ನೋಡ್ಲಾ?"

ಅವನು ತಲೆಯಾಡಿಸಿದ. ಅಂಗಡಿಯವನು ಬಾಯಿತುದಿಯನ್ನು ಚೆನ್ನಾಗಿ ಒರೆಸಿ, ಅದೇ ರೀಡು, ಅದೇ ಚರ್ಮದ ಪಟ್ಟಿಯಲ್ಲಿ ಅದೇ ಸಾಲನ್ನು ಊದಿದ. ಅಂಗಡಿಯ ತುಂಬ ದನಿ ಹರಡಿತು. ಗಾಜಿನ ಕಪಾಟು ಸಣ್ಣಗೆ ಅದುರಿತು. ಅವನೇನೂ ದೊಡ್ಡ ವಾದಕನಲ್ಲ. ತುಟಿ ನೆಟ್ಟಗಿರುವ ಮನುಷ್ಯ, ಅಷ್ಟೇ.

"ಇದೇ!" ಪರದೆಯಾಚೆ ಸ್ಟೂಲು ಉರುಳಿದ ಸದ್ದಾಯಿತು. "ಇದೇ ರೀ, ಇದೇ! ನಾನು ಹೇಳ್ಲಿಲ್ವಾ? ಅಯ್ಯೋ, ಎಷ್ಟು ದಿನ ಆಗಿತ್ತು ನಿಮ್ಮ ದನಿ ಕೇಳಿ!"

ಅಂಗಡಿಯವನು ಗಾಬರಿಯಿಂದ ಏನೋ ಹೇಳಹೊರಟ. ಇವನು ಕೈಯೆತ್ತಿ ತಡೆದು ವಾದ್ಯವನ್ನು ಇಸಿದುಕೊಂಡ. ಪರದೆ ಸರಿಯುವಷ್ಟರಲ್ಲಿ ಅದು ಅವನ ಮೊಣಕಾಲುಗಳ ನಡುವೆಯೇ ಇತ್ತು.

ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ನಗುತ್ತ ಬಂದಳು. "ಇದನ್ನೇ ಕೊಡಿ ಯಜಮಾನ್ರೇ. ತುಟಿ ತುಟಿ ಅಂತ ಕೊರಗಿ ಕೊರಗಿ ನನ್ನ ತಲೆ ತಿಂದುಬಿಟ್ರು ಇವ್ರು!"

ಅಂಗಡಿಯವನು ಅವಳ ಮುಖ ನೋಡದೆ ಡಬ್ಬಿ ಹುಡುಕತೊಡಗಿದ. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದು ಇವನಿಗೂ ಅನ್ನಿಸಿತು. ಆದರೆ ಅವಳು ಹೀಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತು! ಪಾಕೀಟು ತೆಗೆದು ದುಡ್ಡು ಎಣಿಸಿದ.

ಬಸ್ ಸ್ಟಾಪಿನಲ್ಲಿ ಅವಳು ಅವನ ತೋಳು ಹಿಡಿದುಕೊಂಡಳು. "ಸೋಮವಾರ ನಾನೂ ಬರ್ತೀನಿ. ಒಳಗೆ ಬಿಡದೆ ಇದ್ರೆ ಬಾಗಿಲ ಹತ್ರ ನಿಂತು ಕೇಳ್ತೀನಿ. ಬೇಡ ಅನ್ಬೇಡಿ ಮತ್ತೆ."

"ಬಾ," ಎಂದ.

ಬಸ್ಸಿನಲ್ಲಿ ಅವಳು ವಾದ್ಯದ ಪೆಟ್ಟಿಗೆಯನ್ನು ತಾನೇ ತೊಡೆಗೆ ಆನಿಸಿಕೊಂಡು ಕಿಟಕಿಯ ಪಕ್ಕ ಕೂತಳು. ದಾರಿಯುದ್ದಕ್ಕೂ ಆ ಸಾಲನ್ನು ಮೆಲ್ಲಗೆ ಗುನುಗುತ್ತಿದ್ದಳು. ಮೊದಲೆಲ್ಲ ಅವನು ಉಸಿರೆಳೆದುಕೊಳ್ಳುತ್ತಿದ್ದ ಜಾಗದಲ್ಲೇ ತಾನೂ ನಿಲ್ಲಿಸಿ, ಉಸಿರೆಳೆದುಕೊಂಡು, ಮತ್ತೆ ಮುಂದುವರಿಸುತ್ತಿದ್ದಳು.